ಒಂದು ಹಲ್ಲು ಹಿಂದಕ್ಕ

ಬೆಟಗೇರಿ ಓಣಿಯೊಳಗ ರಾತ್ರಿ ಹತ್ತಾದ ಮ್ಯಾಲೂ
ಗ್ವಾಡಿ ಮುಟ್ಟಿದರ ಬೆಚ್ಚಗ.
ಹಗಲೆಲ್ಲಾ ಬಿಸಲು ಕುಡದ ಕಲ್ಲು
ಈಗ ಸಾವಕಾಶ ಉಗುಳತಿತ್ತು.
ಆಚೀ ಖೋಲ್ಯಾಗ ತುಕಾರಾಮಸಾ ಕಾಕಾನ ಎರಡು ಮಗ್ಗ
ಖಟಕ್ ಪಟಕ್, ಖಟಕ್ ಪಟಕ್.
ಈಚೆ ನನ್ನ ಟೇಬಲ್ಲು, ಚಾದ ಕಪ್ಪು,
ಕಪ್ಪಿನ್ಯಾಗ ಸಣ್ಣ ಸಣ್ಣ ಅಲಿ.

ಕೂಲರ್ ತಂದದ್ದು ಹುಬ್ಬಳ್ಳಿ ಕೊಪ್ಪೀಕರ ರಸ್ತೆದಿಂದ,
ಬಳಸಿದ ಮಾಲು, ಒಂಬೈನೂರು ರೂಪಾಯಿ.
ನಾಕು ತಾಮ್ರದ ನಳಗಿ, ಒಂದು ಫ್ಯಾನು,
ಮೂಲ್ಯಾಗ ಹತ್ತು ತಗಡು ಮಣದಿದ್ದವು.
ಪ್ಯಾಸೆಂಜರ್ ಗಾಡ್ಯಾಗ ತೊಡಿ ಮ್ಯಾಲ ಇಟಗೊಂಡು ಬಂದೆ.
ಅಣ್ಣಿಗೇರ್ಯಾಗ ಹತ್ತಿದ ಅಜ್ಜಿ ಕೇಳಿದಳು:
"ತಮ್ಮಾ, ಏನಪಾ ಇದು, ಜೇನಹುಟ್ಟು ಆಗೇತಲ್ಲ?"
ಹೂಂ ಅಂದೆ. ಬಿಡಿಸಿ ಹೇಳಾಕ
ಗದಗ ಬಾಳ ಹತ್ತರ ಇತ್ತು.

ಹಳೇ ಫ್ಯಾನ್ ಬಿಚ್ಚಿದರ
ಒಳಗ ಒಂದು ಗುಬ್ಬಿಗೂಡಿನಷ್ಟು ಹತ್ತಿ.
ಕಾಕಾನ ಮಗ್ಗದಿಂದ ಹಾರಿ ಬಂದ ನೂಲಿನ ಧೂಳು,
ಮೂರು ವರ್ಷದ್ದು, ಕೆಂಪಂದು, ಹಸರಂದು,
ಯಾರ‍್ಯಾರೋ ಉಟ್ಟ ಸೀರಿಗಳ ಉಳಿಕಿ.
ಪೇಸ್ಟು ಗಾರಿಹಂಗ ಒಣಗಿತ್ತು, ಒರಸಿದೆ,
ಹೊಸದು ಹೆಸರಕಾಳಿನಷ್ಟ ಇಟ್ಟೆ.
ಮಣದ ತಗಡು ಅವ್ವನ ಹೇರ್‌ಪಿನ್ನಿಲೆ ನೆಟ್ಟಗ ಮಾಡಿದೆ.

ಮೂವತ್ತೈದು ಅದರ ಹುಟ್ಟುಗುಣ.
ಮೂವತ್ತಾರು. ಅರ್ಧ ತಾಸು ದುಡಿಸಿದೆ.
ಮೂವತ್ತೇಳು. ಶಾಖ ಅರವತ್ತೆರಡು.
ಒಮ್ಮಿಗೇ ಜಿಗಿಯೂ ಹುರುಪು ಬಾಳ ಇತ್ತು ನನಗ.
ಬಾಗಿಲದಾಗ ನಿಂತಿದ್ದ ಕಾಕಾ ಅಂದ:
"ಮೋಟರಿಗೆ ಪುಲ್ಲಿ ಬದಲಿ ಮಾಡೂ ಮುಂದ
ಒಂದೊಂದ ಅಳತಿ ಏರಸಬೇಕು.
ನೂಲು ಹರಿತಂದ್ರ ಅದು ಸಿಟ್ಟಲ್ಲ, ಸುದ್ದಿ.
ಒಂದು ಹಲ್ಲು ಹಿಂದಕ್ಕ ಬಂದು ಕೂಡು."
ಅವಂಗ ಪ್ರೊಸೆಸರ್ ಗೊತ್ತಿಲ್ಲ.
ನಲವತ್ತು ವರ್ಷ ಬೇರಿಂಗಿನ ಮ್ಯಾಲ
ಹಿಂಗೈ ಇಟ್ಟು ಜ್ವರ ನೋಡ್ಯಾನ.

ನಲವತ್ತು. ಎಪ್ಪತ್ತೊಂದು.
ನಲವತ್ತೆರಡು. ಎಪ್ಪತ್ತೊಂಬತ್ತು.
ಕಪ್ಪತಗುಡ್ಡದ ಕಡಿಂದ ಗಾಳಿ ಬಂತು
ಕಿಡಕಿ ತಗದೆ, ಎರಡು ಡಿಗ್ರಿ ಇಳೀತು,
ಪುಕ್ಕಟೆ ಬಂದ ಎರಡು ಡಿಗ್ರಿ!
ನಲವತ್ಮೂರಕ್ಕ
ಇಪ್ಪತ್ತು ನಿಮಿಷ ತಡಕೊಂಡು
ಪರದೆ ನೀಲಿಯಾತು.

ನೀಲಿ ಅಂದರ ನೀಲಿ,
ಬಣ್ಣದ ಹೌದಿನ್ಯಾಗ ಅದ್ದಿದಂಥ ನೀಲಿ.
ನನ್ನ ಎದಿ ಧಸಕ್ ಅಂತು. ಕಾಕಾ ನಕ್ಕ:
"ಹರೀತು ನೋಡು ನೂಲು."

ವೋಲ್ಟೇಜ್ ಒಂದು ಎಳಿ ಹೆಚ್ಚು ಕೊಟ್ಟರ ನಿಲ್ಲತಿತ್ತು.
ಕೊಟ್ಟೆ. ನಿಂತಿತು.
ಶಾಖ ತೊಂಬತ್ತೊಂದು.
ಫ್ಯಾನು ಹುಚ್ಚ ಹಿಡದಂಗ ಒದರಾಕ ಹತ್ತಿತು.
ಇದು ರಾತ್ರಿ ಹನ್ನೆರಡರ ಲೆಕ್ಕ;
ನಾಳೆ ಮಧ್ಯಾಹ್ನ ಎರಡಕ್ಕ, ಈ ತಗಡಿನ ಮಾಡಿನ ಬುಡಕ,
ಗಾಳಿ ಸತ್ತಾಗ?
ಆ ಪ್ರಶ್ನೆ ಯಾವ ಟೆಸ್ಟಿನ್ಯಾಗೂ ಇರಲಿಲ್ಲ.

ಕೊಟ್ಟ ವೋಲ್ಟೇಜ್ ವಾಪಸ್ ತಗೊಂಡೆ.
ನಲವತ್ತೆರಡಲ್ಲ, ಬ್ಯಾಸಗಿಗೆ ಮತ್ತೊಂದು ಹಲ್ಲು ಹಿಂದಕ್ಕ:
ನಲವತ್ತೊಂದು.
ಹಂಗ ದುಡಿಯಾಕ ಹಚ್ಚಿ ಮಲಕೊಂಡೆ,
ಮಲಕೊಂಡೆ ಅಂದರ ಚಾಪಿ ಮ್ಯಾಲ ಬಿದ್ದು
ಫ್ಯಾನಿನ ಉಸರು ಎಣಿಸಿದೆ.

ಮುಂಜಾನೆ ಪಟ್ಟೇದಂಚಿನ ಡಿಸೈನ್ ಹಾಕಿ ನೋಡಿದರ
ಐವತ್ತೆರಡು ನಿಮಿಷದ ಕೆಲಸ
ನಲವತ್ನಾಕಕ್ಕ ಮುಗೀತು.
"ಉಳದ ಎಂಟು ನಿಮಿಷದಾಗ ಏನ ಮಾಡತಿ?" ಕಾಕಾ ಕೇಳಿದ.
ಗಲ್ಲ ಕೆರಕೊಂಡೆ.
"ಚಾ ಕುಡೀತೇನಿ."
"ಹಂಗಾರ ನನಗೊಂದು ತಾ."

ಮಗ್ಗದ ಕಂಬದ ತುಂಬ ಅವನ ಸೀಮೆಸುಣ್ಣದ ಲೆಕ್ಕ ಅದಾವ,
ಯಾವ ತಿಂಗಳ ಎಷ್ಟು ವೇಗ, ಯಾವ ನೂಲಿಗೆ ಎಷ್ಟು.
ಅದೇ ಸುಣ್ಣಲೆ ನನ್ನ ಡಬ್ಬಿ ಮ್ಯಾಲೂ ಬರದ:
ಚೈತ್ರ, ೪೧.
ಬಾಜೂಕ ಪ್ರಶ್ನಾರ್ಥಕ ಹಾಕಿ: ಕಾರ್ತೀಕ, ೪೨.

ಅವ್ವ ಸಂಜೀಕ ಅರಿಬಿ ಹಿಡಕೊಂಡು ಬಂದು
ಟೇಬಲ್ಲು ಒರಸಿದಳು, ಪರದೆ ಒರಸಿದಳು,
ಆ ಸುಣ್ಣ ಒಂದ ಬಿಟ್ಟಳು.